ನಾಯಿಯ ಅಡ್ರಿನಲ್ ಗಡ್ಡೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಪತ್ತೆ ಹಚ್ಚುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ವಯಸ್ಸಾದ ನಾಯಿಯ ಹೊಟ್ಟೆಯನ್ನು ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡುತ್ತಿರುವಾಗ ಮೂತ್ರಪಿಂಡದ ಪಕ್ಕದಲ್ಲಿ ಇರಬಾರದ ಉಂಡೆಯೊಂದು ಕಣ್ಣಿಗೆ ಬೀಳುವುದು ಈಗ ಅಪರೂಪವೇನಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಟ್ಟೆಯ ಸ್ಕ್ಯಾನ್ ಆದ 3,748 ನಾಯಿಗಳ ಪೈಕಿ 151 ನಾಯಿಗಳಲ್ಲಿ, ಮೂತ್ರಪಿಂಡದ ಪಕ್ಕದ ಹಾರ್ಮೋನು ಗ್ರಂಥಿಯಾದ ಅಡ್ರಿನಲ್‌ನಲ್ಲಿ ಹೀಗೆ ಆಕಸ್ಮಿಕವಾಗಿ ಏನಾದರೊಂದು ಕಂಡಿತ್ತು. ಎಂದರೆ ನೂರಕ್ಕೆ ಸುಮಾರು 4. ಅವುಗಳಲ್ಲಿ ಹೆಚ್ಚಿನವು ವಯಸ್ಸಾದ ನಾಯಿಗಳೇ. ಕಂಡ ಕೂಡಲೇ ಅದಕ್ಕೊಂದು ಹೆಸರು ಕೊಟ್ಟುಬಿಡಬೇಕೆಂಬ ಆತುರ ವೈದ್ಯರಿಗೂ ಇರುತ್ತದೆ, ನಾಯಿಯ ಮನೆಯವರಿಗೂ ಇರುತ್ತದೆ. ಆದರೆ ಅಲ್ಟ್ರಾಸೌಂಡ್ ಗಡ್ಡೆಯ ಹೆಸರು ಹೇಳುವ ಯಂತ್ರವಲ್ಲ. ಅದು ಗಾತ್ರ, ಆಕಾರ, ಯಾವ ಪಕ್ಕ, ಯಾವ ರಕ್ತನಾಳದ ನೆರೆ ಎಂಬುದನ್ನು ಹೇಳುತ್ತದೆ. ನನ್ನ ಅನುಭವದಲ್ಲಿ ಗಡ್ಡೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ತಿಳಿಯದ ಸಂಗತಿ, ಅದರ ಎದುರು ಪಕ್ಕದ ಗ್ರಂಥಿಯನ್ನೂ ಪಕ್ಕದ ಸಿರೆಯನ್ನೂ ಎರಡು ನಿಮಿಷ ನೋಡಿದರೆ ತಿಳಿಯುತ್ತದೆ. ಕಿರಿಯ ಪಶುವೈದ್ಯರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಾಯಿ ಸಾಕಿದವರು ತಮ್ಮ ಕೈಗೆ ಬಂದ ವರದಿಯನ್ನು ಅರ್ಥ ಮಾಡಿಕೊಳ್ಳಲೂ ಇದು ನೆರವಾಗಬಹುದು.

ಮೊದಲ ಹೆಜ್ಜೆ: ಪ್ರೋಬ್ (ಸ್ಕ್ಯಾನ್ ಮಾಡುವ ಕೈಸಾಧನ) ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಅಡ್ರಿನಲ್ ಗ್ರಂಥಿಯಲ್ಲಿ ಹೊರಪದರ ಮತ್ತು ಒಳತಿರುಳು ಎಂಬ ಎರಡು ಭಾಗಗಳಿವೆ. ಹೊರಪದರದ ಗಡ್ಡೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸಿದರೆ ಕುಶಿಂಗ್ ರೋಗ ಬರುತ್ತದೆ. ನಾಯಿ ಬಟ್ಟಲು ಬಟ್ಟಲು ನೀರು ಕುಡಿಯುತ್ತದೆ, ರಾತ್ರಿ ಎದ್ದು ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ಹೊಟ್ಟೆ ಜೋತು ಬೀಳುತ್ತದೆ, ಮೈಯ ಕೂದಲು ಎರಡೂ ಪಕ್ಕ ಸಮನಾಗಿ ತೆಳುವಾಗುತ್ತದೆ. ದಿನಕ್ಕೆ ಕಿಲೋ ತೂಕಕ್ಕೆ 100 ಮಿ.ಲೀ. ಮೀರಿ ನೀರು ಕುಡಿಯುತ್ತಿದ್ದರೆ ಅದು ಖಂಡಿತ ಅತಿಯಾಯಿತು. ಒಳತಿರುಳಿನ ಗಡ್ಡೆಯಾದ ಫಿಯೋಕ್ರೋಮೋಸೈಟೋಮಾದ ರೀತಿಯೇ ಬೇರೆ. ಅದರ ಲಕ್ಷಣಗಳು ಬಂದು ಹೋಗುತ್ತವೆ: ಇದ್ದಕ್ಕಿದ್ದಂತೆ ಏದುಸಿರು, ನಡುಕ, ಚಡಪಡಿಕೆ, ಒಮ್ಮೊಮ್ಮೆ ಕುಸಿದು ಬೀಳುವುದು, ಆಸ್ಪತ್ರೆಗೆ ಕರೆತರುವ ಹೊತ್ತಿಗೆ ನಾಯಿ ಬಾಲ ಅಲ್ಲಾಡಿಸುತ್ತಾ ನಿಂತಿರುತ್ತದೆ. ಆದ್ದರಿಂದ ರಕ್ತದೊತ್ತಡವನ್ನು ಒಮ್ಮೆ ಅಳೆದು ಸುಮ್ಮನಾಗದೆ, ನಾಯಿ ಶಾಂತವಾದ ಮೇಲೆ ಹಲವು ಸಲ ಅಳೆಯಬೇಕು.

ಇನ್ನೊಂದು ಪ್ರಶ್ನೆಯನ್ನು ಎಂದಿಗೂ ಬಿಡಬಾರದು: ಸ್ಟೀರಾಯ್ಡ್ ಕೊಟ್ಟಿದ್ದಾರೆಯೇ? ಕಡಿತ, ತುರಿಕೆಗೆಂದು ವರ್ಷಗಟ್ಟಲೆ ಪ್ರೆಡ್ನಿಸಲೋನ್ ಮಾತ್ರೆ ತಿಂದ, ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಂಡ ನಾಯಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ನೋಡಲು ಥೇಟ್ ಕುಶಿಂಗ್ ನಾಯಿಗಳಂತೆಯೇ ಇರುತ್ತವೆ, ಆದರೆ ಸ್ಕ್ಯಾನ್‌ನಲ್ಲಿ ಎರಡೂ ಗ್ರಂಥಿಗಳು ಒಣಗಿದ ಹುರಳಿಕಾಯಿಯಂತೆ ಸಣಕಲಾಗಿರುತ್ತವೆ. ಒಮ್ಮೆ ಪಾಮೇರಿಯನ್ ನಾಯಿಯೊಂದನ್ನು ತಂದ ಹಿರಿಯರೊಬ್ಬರು "ಸ್ಟೀರಾಯ್ಡ್ ಏನೂ ಕೊಟ್ಟಿಲ್ಲ ಡಾಕ್ಟ್ರೇ, ಬರೀ ಕಿವಿಗೆ ಹನಿ ಹಾಕ್ತೀವಿ ಅಷ್ಟೆ" ಎಂದರು. ಆ ಹನಿಯ ಸೀಸೆಯನ್ನು ತರಿಸಿ ನೋಡಿದರೆ ಅದರಲ್ಲೇ ಸ್ಟೀರಾಯ್ಡ್ ಇತ್ತು, ಮತ್ತು ಅದನ್ನು ಹಾಕಲು ಶುರು ಮಾಡಿ ಎರಡು ವರ್ಷವಾಗಿತ್ತು. ಹಳೆಯ ಚೀಟಿಗಳನ್ನೂ ಮನೆಯಲ್ಲಿರುವ ಸೀಸೆಗಳನ್ನೂ ತರಲು ಹೇಳುವುದು ಸ್ಕ್ಯಾನ್‌ನಷ್ಟೇ ಮುಖ್ಯ. ಕುಶಿಂಗ್ ರೋಗಕ್ಕೆ ಈಗಾಗಲೇ ಟ್ರೈಲೋಸ್ಟೇನ್ ಕೊಡುತ್ತಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಆ ಔಷಧದಿಂದ ಗ್ರಂಥಿಗಳು ದಪ್ಪವಾಗುತ್ತವೆ.

ಎರಡನೆಯ ಹೆಜ್ಜೆ: ತಯಾರಿ

ನಾಯಿ 8ರಿಂದ 12 ಗಂಟೆ ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಕು, ನೀರು ಕುಡಿಯಬಹುದು. ಹೊಟ್ಟೆಯಲ್ಲಿ ಅನ್ನವೂ ಕರುಳಿನಲ್ಲಿ ಗಾಳಿಯೂ ತುಂಬಿದ್ದರೆ ಬಲಗಡೆಯ ಗ್ರಂಥಿ ಸಿಗುವುದೇ ಇಲ್ಲ. ಕೂದಲನ್ನು ಎದೆಮೂಳೆಯ ತುದಿಯಿಂದ ತೊಡೆಸಂದಿನವರೆಗೂ, ಎರಡೂ ಪಕ್ಕದ ಕೊನೆಯ ಮೂರು ಪಕ್ಕೆಲುಬುಗಳ ಮೇಲೂ ಬೋಳಿಸಬೇಕು. ಕುಶಿಂಗ್ ನಾಯಿಗಳಲ್ಲಿ ಬೋಳಿಸಿದ ಕೂದಲು ತಿಂಗಳುಗಟ್ಟಲೆ ಮರಳಿ ಬಾರದೆ ಇರುವುದುಂಟು; ಈ ಮಾತನ್ನು ಕತ್ತರಿ ಆಡಿಸುವ ಮೊದಲೇ ಮನೆಯವರಿಗೆ ಹೇಳಿಬಿಟ್ಟರೆ ಮುಂದಿನ ಜಗಳ ತಪ್ಪುತ್ತದೆ.

ಏದುಸಿರು ಬಿಡುವ ನಾಯಿಯಲ್ಲಿ 6 ಮಿ.ಮೀ. ದಪ್ಪದ ಅಂಗವನ್ನು ಅಳೆಯುವುದು ಓಡುವ ಬಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಬೇಕಿದ್ದರೆ ಬ್ಯುಟಾರ್ಫನಾಲ್‌ನಂಥ ಹಗುರ ಮಂಪರಿನ ಔಷಧ ಕೊಡಬಹುದು. ಆದರೆ ಫಿಯೋಕ್ರೋಮೋಸೈಟೋಮಾದ ಶಂಕೆಯಿದ್ದಲ್ಲಿ ಝೈಲಜೀನ್, ಡೆಕ್ಸ್‌ಮೆಡಿಟೊಮಿಡೀನ್ ಗುಂಪಿನ ಔಷಧಗಳ ತಂಟೆಗೆ ಹೋಗಬಾರದು. ಅವು ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಏರುಪೇರು ಮಾಡುತ್ತವೆ.

ಪ್ರೋಬ್ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಸಣ್ಣ ನಾಯಿಗೆ 8ರಿಂದ 12 ಮೆಗಾಹರ್ಟ್ಝ್‌ನ ಲೀನಿಯರ್, ದೊಡ್ಡ ನಾಯಿಗೆ 5ರಿಂದ 8ರ ಮೈಕ್ರೋಕಾನ್ವೆಕ್ಸ್ ಇದ್ದರೆ ಸಾಕು. ಆಳವನ್ನು ಬೇಕಾದಷ್ಟಕ್ಕೇ ಇಳಿಸಿ, ಫೋಕಸ್ ಅನ್ನು ಗ್ರಂಥಿಯ ಮಟ್ಟಕ್ಕೆ ತಂದುಕೊಳ್ಳಬೇಕು.

ಮೂರನೆಯ ಹೆಜ್ಜೆ: ಎಡ ಗ್ರಂಥಿ

ಯಾವಾಗಲೂ ಎಡದಿಂದ ಶುರು ಮಾಡುವುದು ಲೇಸು. ಅದು ಸುಲಭವಾಗಿ ಸಿಗುತ್ತದೆ, ಕೈಗೂ ಧೈರ್ಯ ಬರುತ್ತದೆ. ನಾಯಿಯನ್ನು ಬಲಮಗ್ಗುಲಾಗಿ ಅಥವಾ ಅಂಗಾತ ಮಲಗಿಸಿ, ಎಡ ಮೂತ್ರಪಿಂಡವನ್ನು ಉದ್ದುದ್ದಕ್ಕೆ ಹಿಡಿಯಬೇಕು. ಅಲ್ಲಿಂದ ಪ್ರೋಬನ್ನು ನಿಧಾನವಾಗಿ ನಡುಗೆರೆಯ ಕಡೆ ವಾಲಿಸುತ್ತಾ ಬಂದರೆ, ದಪ್ಪ ಗೋಡೆಯ, ಮಿಡಿಯುವ ಕಪ್ಪು ಕೊಳವೆಯಾಗಿ ಅಯೋರ್ಟಾ ಎಂಬ ಮಹಾಪಧಮನಿ ಕಾಣಿಸುತ್ತದೆ. ಅದರ ಮೇಲೆ ತಲೆಯ ದಿಕ್ಕಿಗೆ ಸಾಗಿದರೆ ಮೊದಲು ಎಡ ಮೂತ್ರಪಿಂಡದ ಧಮನಿ, ಆಮೇಲೆ ಒಂದರ ಪಕ್ಕ ಒಂದು ಎದ್ದು ನಿಂತ ಕ್ರೇನಿಯಲ್ ಮೆಸೆಂಟರಿಕ್ ಮತ್ತು ಸೀಲಿಯಾಕ್ ಧಮನಿಗಳು ಸಿಗುತ್ತವೆ. ಮೂತ್ರಪಿಂಡದ ಧಮನಿಗೂ ಕ್ರೇನಿಯಲ್ ಮೆಸೆಂಟರಿಕ್ ಧಮನಿಗೂ ನಡುವಿನ ಜಾಗವೇ ಎಡ ಅಡ್ರಿನಲ್‌ನ ಮನೆ. ಸುತ್ತಲಿನ ಬಿಳಿ ಕೊಬ್ಬಿನ ನಡುವೆ ಅದು ಸಿಪ್ಪೆ ಬಿಡಿಸದ ಕಡಲೆಕಾಯಿಯ ಆಕಾರದಲ್ಲಿ, ನಡುವೆ ಸೊಂಟ ಸಣ್ಣಗಾಗಿ ಕಪ್ಪಗೆ ಕಾಣುತ್ತದೆ. ಆ ಸೊಂಟದ ಮೇಲೆ ಅಡ್ಡ ಹಾಯುವುದು ಫ್ರೆನಿಕೋಅಬ್ಡಾಮಿನಲ್ ಸಿರೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಸಿರೆ ಗಡ್ಡೆಗೆ ದಾರಿ ಮಾಡಿಕೊಡುತ್ತದೆ. ಒಳ್ಳೆಯ ಪ್ರೋಬ್ ಆದರೆ ಕಪ್ಪು ಹೊರಪದರದ ನಡುವೆ ತುಸು ಬಿಳುಪಾದ ಒಳತಿರುಳೂ ಬೇರೆಯಾಗಿ ತೋರುತ್ತದೆ.

ಪಕ್ಕದ ದುಗ್ಧಗ್ರಂಥಿಯನ್ನು (ಲಿಂಫ್ ನೋಡ್) ಅಡ್ರಿನಲ್ ಎಂದು ಭ್ರಮಿಸುವುದು ಹೊಸಬರ ಮಾಮೂಲಿ ತಪ್ಪು. ಮೇಲೆ ಹೇಳಿದ ಸಿರೆ ಅಡ್ಡ ಹಾದಿದೆಯೇ ಎಂದು ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಹಾಕಿ ನೋಡಿದರೆ ಈ ಸಂದೇಹ ಬಹುಪಾಲು ಪರಿಹಾರವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬಲ ಗ್ರಂಥಿ

ತಾಳ್ಮೆಯ ಪರೀಕ್ಷೆ ಇಲ್ಲಿ. ಬಲ ಗ್ರಂಥಿ ಇನ್ನೂ ಮುಂದಕ್ಕೆ, ಪಕ್ಕೆಲುಬುಗಳ ಮರೆಯಲ್ಲಿ, ಯಕೃತ್ತಿಗೆ ಒತ್ತಿಕೊಂಡಿರುತ್ತದೆ. ನಾಯಿಯನ್ನು ಎಡಮಗ್ಗುಲಾಗಿ ಮಲಗಿಸಿ, ಬಲ ಮೂತ್ರಪಿಂಡದ ತಲೆಯ ತುದಿಯನ್ನು ಹಿಡಿದು, ಅಲ್ಲಿಂದ ನಡುಗೆರೆಯತ್ತ ಜಾರಿದರೆ ವೀನಾ ಕೇವಾ ಎಂಬ ಮಹಾಸಿರೆ ಸಿಗುತ್ತದೆ. ಅಯೋರ್ಟಾಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು ಪ್ರೋಬನ್ನು ಸ್ವಲ್ಪ ಒತ್ತಿದರೆ ಸಾಕು: ಸಿರೆ ಚಪ್ಪಟೆಯಾಗುತ್ತದೆ, ಧಮನಿ ಜಗ್ಗುವುದಿಲ್ಲ. ಆದರೆ ಗುರುತು ಸಿಕ್ಕ ಮೇಲೆ ಒತ್ತಡವನ್ನು ಪೂರ್ತಿ ಸಡಿಲಿಸಬೇಕು, ಇಲ್ಲದಿದ್ದರೆ ಸಿರೆಯೊಳಗೆ ಗಡ್ಡೆ ಹೊಕ್ಕಿದ್ದರೂ ಕಾಣದೆ ಹೋಗುತ್ತದೆ. ಮಹಾಸಿರೆಯ ಪಕ್ಕಕ್ಕೂ ಬೆನ್ನಿನ ಕಡೆಗೂ ಅಂಟಿಕೊಂಡಂತೆ, ಅಲ್ಪವಿರಾಮ ಚಿಹ್ನೆಯ ಅಥವಾ ಬಾಣದ ಮೊನೆಯ ಆಕಾರದಲ್ಲಿ ಬಲ ಗ್ರಂಥಿ ಇರುತ್ತದೆ. ಅಂಟಿಕೊಂಡಂತೆ ಎನ್ನುವುದು ಅಲಂಕಾರದ ಮಾತಲ್ಲ. ಗ್ರಂಥಿಯ ಹೊರಹೊದಿಕೆ ಸಿರೆಯ ಗೋಡೆಯೊಂದಿಗೆ ನಿಜವಾಗಿಯೂ ಬೆಸೆದುಕೊಂಡಿರುತ್ತದೆ. ಬಲಗಡೆಯ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಶಸ್ತ್ರವೈದ್ಯರು ಹಿಂಜರಿಯುವುದು ಇದಕ್ಕೇ.

ಮುಧೋಳ, ಡಾಬರ್‌ಮನ್‌ಗಳಂತೆ ಎದೆಗೂಡು ಆಳವಾದ ನಾಯಿಗಳಲ್ಲಿ ಪಕ್ಕೆಲುಬಿನ ಕೆಳಗಿನಿಂದ ಎಷ್ಟು ಪ್ರಯತ್ನಿಸಿದರೂ ಫಲವಿಲ್ಲ. ಬಲಗಡೆ ಕೊನೆಯ ಎರಡು ಪಕ್ಕೆಲುಬುಗಳ ಸಂದಿನಲ್ಲೋ ಅದಕ್ಕೂ ಒಂದು ಸಂದು ಮುಂದಕ್ಕೋ ಪ್ರೋಬ್ ಇಟ್ಟು ಯಕೃತ್ತಿನ ಮೂಲಕವೇ ನೋಡಬೇಕು. ಮೊದಲು ಅಡ್ಡಸೀಳಿನಲ್ಲಿ ಅಯೋರ್ಟಾ, ಮಹಾಸಿರೆ ಎರಡನ್ನೂ ಒಟ್ಟಿಗೆ ಹಿಡಿದು, ಗ್ರಂಥಿ ಸಿಕ್ಕ ಮೇಲೆ ಪ್ರೋಬನ್ನು ತಿರುಗಿಸಿ ಉದ್ದಸೀಳಿಗೆ ಬರುವುದು ನನಗೆ ಒಗ್ಗಿದ ಕ್ರಮ.

ಐದನೆಯ ಹೆಜ್ಜೆ: ಅಳತೆ

ಅಳೆಯಬೇಕಾದುದು ಉದ್ದವನ್ನಲ್ಲ, ದಪ್ಪವನ್ನು. ಉದ್ದವು ನಾಯಿಯ ಮೈಕಟ್ಟಿನೊಂದಿಗೆ ಬಹಳ ಬದಲಾಗುತ್ತದೆ. ಉದ್ದಸೀಳಿನಲ್ಲಿ ಗ್ರಂಥಿಯ ಬಾಲದ ಕಡೆಯ ಧ್ರುವವನ್ನು (ತುದಿಯನ್ನು), ಗ್ರಂಥಿಯ ಉದ್ದಕ್ಕೆ ಸರಿಯಾಗಿ ಲಂಬವಾಗಿ ಅಳೆಯಬೇಕು. ಓರೆಯಾಗಿ ಸೀಳಿದ ಕ್ಯಾರೆಟ್ ಹೇಗೆ ಅಗಲವಾಗಿ ಕಾಣುತ್ತದೆಯೋ ಹಾಗೆ, ಓರೆ ಸೀಳಿನಲ್ಲಿ ಸಹಜ ಗ್ರಂಥಿಯೂ ದಪ್ಪವಾಗಿ ತೋರುತ್ತದೆ. ನಾನೇ ಹೊಸದರಲ್ಲಿ ಒಂದು ಲ್ಯಾಬ್ರಡಾರ್ ನಾಯಿಯ ಗ್ರಂಥಿಯನ್ನು 8.1 ಮಿ.ಮೀ. ಎಂದು ಬರೆದು, ಮನೆಯವರ ನಿದ್ದೆ ಕೆಡಿಸಿ, ವಾರದ ಬಳಿಕ ಮತ್ತೆ ನೋಡಿದಾಗ 6.3 ಬಂದು ತಲೆ ತಗ್ಗಿಸಿದ್ದುಂಟು. ಅಂದಿನಿಂದ ಮೂರು ಸಲ ಬೇರೆ ಬೇರೆಯಾಗಿ ಹಿಡಿದು ಅಳೆಯದೆ ಅಂಕಿ ಬರೆಯುವುದಿಲ್ಲ.

ಬಹುಕಾಲ ಎಲ್ಲ ನಾಯಿಗಳಿಗೂ 7.4 ಮಿ.ಮೀ. ಎಂಬ ಒಂದೇ ಗಡಿಯನ್ನು ಬಳಸುತ್ತಿದ್ದರು. ಮೂರು ಕಿಲೋ ನಾಯಿಗೂ ನಲವತ್ತು ಕಿಲೋ ನಾಯಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತಾಗಿತ್ತು ಅದು. ಈಗ ತೂಕಕ್ಕೆ ತಕ್ಕ ಗಡಿಗಳು ಬಂದಿವೆ: 12 ಕಿಲೋವರೆಗಿನ ನಾಯಿಗೆ 6.2, ಅದಕ್ಕಿಂತ ಭಾರದ ನಾಯಿಗೆ 7.2 ಮಿ.ಮೀ. ಎಂಬುದು ಹೆಚ್ಚು ಬಳಕೆಯಲ್ಲಿರುವ ಒಂದು ವಿಂಗಡಣೆ. ಗಡಿ ದಾಟಿತೆಂದ ಮಾತ್ರಕ್ಕೆ ಗಡ್ಡೆಯೆಂದಲ್ಲ. ದೀರ್ಘಕಾಲದ ಬೇರೆ ಕಾಯಿಲೆಯ ಒತ್ತಡದಿಂದಲೂ ಎರಡೂ ಗ್ರಂಥಿಗಳು ಉಬ್ಬಬಹುದು.

ಆರನೆಯ ಹೆಜ್ಜೆ: ಇದು ಗಡ್ಡೆಯೇ?

ಗ್ರಂಥಿ ಒಟ್ಟಾರೆ ದಪ್ಪಗಾಗಿ, ಕಡಲೆಕಾಯಿಯ ಆಕಾರ ಉಳಿಸಿಕೊಂಡಿದ್ದರೆ ಅದು ಗಡ್ಡೆಗಿಂತ ಹಿಗ್ಗುವಿಕೆ ಆಗಿರುವ ಸಾಧ್ಯತೆ ಹೆಚ್ಚು. ಒಂದು ಧ್ರುವ ಮಾತ್ರ ಗುಂಡಗಾಗಿ, ಪದರಗಳ ಗೆರೆ ಅಳಿಸಿ, ಅಂಚು ಹೊರಗೆ ಉಬ್ಬಿದ್ದರೆ ಗಂಟು ಅಥವಾ ಗಡ್ಡೆ ಎನ್ನಬೇಕು. ಒಂದು ಸೆಂ.ಮೀ. ಒಳಗಿನ ಸಣ್ಣ ಗಂಟುಗಳಲ್ಲಿ ಹಲವು ವಯಸ್ಸಿನಿಂದ ಬರುವ ನಿರುಪದ್ರವಿ ಬೆಳವಣಿಗೆಗಳು. 2 ಸೆಂ.ಮೀ. ಮುಟ್ಟಿದರೆ ಕ್ಯಾನ್ಸರ್‌ನ ಶಂಕೆ ಗಂಭೀರವಾಗುತ್ತದೆ, 4 ಸೆಂ.ಮೀ. ದಾಟಿದರೆ ಬೇರೆ ಆಧಾರ ಸಿಗುವವರೆಗೆ ಅದನ್ನು ಮಾರಕ ಗಡ್ಡೆಯೆಂದೇ ಎಣಿಸಿ ನಡೆಯುವುದು ವಿವೇಕ.

ಬಣ್ಣದಿಂದ ಹೆಸರು ಹೇಳಲು ಹೋಗುವವರು ಎಡವುವುದು ಇಲ್ಲಿ. ಅಡೆನೋಮಾ (ಹೊರಪದರದ ಸೌಮ್ಯ ಗಡ್ಡೆ), ಕಾರ್ಸಿನೋಮಾ (ಹೊರಪದರದ ಮಾರಕ ಗಡ್ಡೆ), ಫಿಯೋಕ್ರೋಮೋಸೈಟೋಮಾ ಮೂರೂ ಕಪ್ಪಗಿರಬಹುದು, ಬಿಳುಪಾಗಿರಬಹುದು, ಕಲಸುಮೇಲೋಗರವಾಗಿಯೂ ಇರಬಹುದು. ಹಿಂದೆ ಕಪ್ಪು ನೆರಳು ಬಿಡುವ ಬಿಳಿ ಚುಕ್ಕೆಗಳಿದ್ದರೆ ಅದು ಸುಣ್ಣದ ಶೇಖರಣೆ. ಹೊರಪದರದ ಗಡ್ಡೆಗಳಲ್ಲಿ ಇದು ಸಾಮಾನ್ಯ, ಆದರೆ ಅಡೆನೋಮಾದಲ್ಲೂ ಕಾರ್ಸಿನೋಮಾದಲ್ಲೂ ಇರುವುದರಿಂದ ಸೌಮ್ಯವೋ ಮಾರಕವೋ ಎಂಬುದನ್ನು ಅದು ಹೇಳಲಾರದು. ಕೊಬ್ಬಿನ ಅಂಶವಿರುವ ಮಯಲೋಲಿಪೋಮಾ ಬೆಳ್ಳಗೆ ಹೊಳೆಯುತ್ತದೆ. ಬೇರೆಡೆಯ ಕ್ಯಾನ್ಸರ್ ಹರಡಿಬಂದು ಅಡ್ರಿನಲ್‌ನಲ್ಲಿ ನೆಲೆಸುವುದೂ ಇದೆ. ಸ್ತನದ ಗಡ್ಡೆಗಳಿದ್ದ ಹೆಣ್ಣು ನಾಯಿಯಾದರೆ ಇದನ್ನು ಮರೆಯಬಾರದು.

ಏಳನೆಯ ಹೆಜ್ಜೆ: ಎದುರು ಪಕ್ಕದ ಗ್ರಂಥಿಯ ಸಾಕ್ಷಿ

ಕುಶಿಂಗ್ ನಾಯಿಗಳಲ್ಲಿ ನೂರಕ್ಕೆ 80ರಿಂದ 85ರಲ್ಲಿ ಮೂಲ ಇರುವುದು ಮೆದುಳಿನ ಬುಡದ ಪಿಟ್ಯುಟರಿಯಲ್ಲಿ, ಉಳಿದವುಗಳಲ್ಲಿ ಮಾತ್ರ ಅಡ್ರಿನಲ್‌ನಲ್ಲಿ. ಪಿಟ್ಯುಟರಿ ಕಳಿಸುವ ಎಸಿಟಿಎಚ್ ಎಂಬ ಹಾರ್ಮೋನು ಎರಡೂ ಗ್ರಂಥಿಗಳನ್ನು ಒಟ್ಟಿಗೆ ದುಡಿಸುವುದರಿಂದ ಎರಡೂ ದಪ್ಪಗಾಗುತ್ತವೆ. ಒಂದು ಅಡ್ರಿನಲ್‌ನಲ್ಲಿ ಗಡ್ಡೆಯಾಗಿ ಅದು ತಾನೇ ಕಾರ್ಟಿಸಾಲ್ ಸುರಿಸತೊಡಗಿದರೆ ಪಿಟ್ಯುಟರಿ ಕೈಕಟ್ಟಿ ಕೂರುತ್ತದೆ, ಕೆಲಸವಿಲ್ಲದ ಇನ್ನೊಂದು ಗ್ರಂಥಿ ಸೊರಗುತ್ತದೆ. ಹೀಗಾಗಿ ಎರಡು ಗ್ರಂಥಿಗಳ ಗಾತ್ರ ಅಸಮವಾಗಿ ಗೊಂದಲವಾದಾಗ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಅಳೆಯಿರಿ. ಅದರ ದಪ್ಪ 5 ಮಿ.ಮೀ. ಅಥವಾ ಕಡಿಮೆ ಇದ್ದರೆ ಕಾರ್ಟಿಸಾಲ್ ಸುರಿಸುವ ಅಡ್ರಿನಲ್ ಗಡ್ಡೆಯತ್ತ ತಕ್ಕಡಿ ವಾಲುತ್ತದೆ.

ಗಡ್ಡೆ ದೊಡ್ಡದಿದ್ದು, ಇನ್ನೊಂದು ಗ್ರಂಥಿ ಸಹಜ ಗಾತ್ರದಲ್ಲಿ ಆರಾಮಾಗಿದ್ದರೆ? ಆಗ ಗಡ್ಡೆ ಕಾರ್ಟಿಸಾಲ್ ಸುರಿಸದಿರುವ ಸಾಧ್ಯತೆ ಹೆಚ್ಚು, ಆದರೆ ಇಷ್ಟರಿಂದಲೇ ಕುಶಿಂಗ್ ಅನ್ನು ತಳ್ಳಿಹಾಕಲಾಗದು. ಫಿಯೋಕ್ರೋಮೋಸೈಟೋಮಾ ಪಟ್ಟಿಯ ಮೇಲಕ್ಕೆ ಬರುತ್ತದೆ. ಎರಡೂ ಕಡೆ ಗಡ್ಡೆಯಿರುವುದು, ಒಂದೇ ನಾಯಿಯಲ್ಲಿ ಹೊರಪದರದ ಗಡ್ಡೆ ಒಂದು ಕಡೆ, ಒಳತಿರುಳಿನದು ಇನ್ನೊಂದು ಕಡೆ ಇರುವುದು ವಿರಳವಾದರೂ ಇಲ್ಲದಿಲ್ಲ.

ಎಂಟನೆಯ ಹೆಜ್ಜೆ: ಸಿರೆಯೊಳಗೆ ಇಣುಕುವುದು

ಗಡ್ಡೆ ಕಂಡ ಮೇಲೆ ಸ್ಕ್ಯಾನ್ ಮುಗಿಯಿತೆಂದು ಜೆಲ್ ಒರೆಸಬಾರದು. ಅಡ್ರಿನಲ್ ಗಡ್ಡೆಗಳು ಫ್ರೆನಿಕೋಅಬ್ಡಾಮಿನಲ್ ಸಿರೆಯ ಮೂಲಕ ತೆವಳಿ ಮಹಾಸಿರೆಯೊಳಗೆ ತಲೆ ಹಾಕುತ್ತವೆ. ಫಿಯೋಕ್ರೋಮೋಸೈಟೋಮಾಕ್ಕೆ ಈ ಚಾಳಿ ಹೆಚ್ಚು. 2003ರಲ್ಲಿ ವರದಿಯಾದ ಶಸ್ತ್ರಚಿಕಿತ್ಸೆಗಳ ಸರಣಿಯೊಂದರಲ್ಲಿ ಅವುಗಳ ಪೈಕಿ ಅರ್ಧಕ್ಕೂ ಮಿಕ್ಕಿ ಹೀಗೆ ಸಿರೆಗೆ ನುಗ್ಗಿದ್ದವು, ಹೊರಪದರದ ಗಡ್ಡೆಗಳಲ್ಲಿ ಸುಮಾರು ಹತ್ತರಲ್ಲೊಂದು ಮಾತ್ರ. ಮಹಾಸಿರೆಯನ್ನು ಮೂತ್ರಪಿಂಡದ ಮಟ್ಟದಿಂದ ಯಕೃತ್ತನ್ನು ದಾಟುವವರೆಗೆ ಉದ್ದಕ್ಕೂ ಅಡ್ಡಕ್ಕೂ ಹಿಂಬಾಲಿಸಬೇಕು. ಎಡಗಡೆಯ ಗಡ್ಡೆಯಾದರೆ ಎಡ ಮೂತ್ರಪಿಂಡದ ಸಿರೆಯನ್ನೂ ನೋಡಬೇಕು.

ಒತ್ತುವುದು ಬೇರೆ, ಹೊಗುವುದು ಬೇರೆ. ಒತ್ತಿದಾಗ ಸಿರೆಯ ಬಿಳಿ ಗೋಡೆಗೆರೆ ಬಾಗಿದ್ದರೂ ಮುರಿಯದೆ ಉಳಿದಿರುತ್ತದೆ, ಗಡ್ಡೆಯ ಸುತ್ತ ಕೊಬ್ಬಿನ ತೆಳು ಎಳೆಯೂ ಕಾಣುತ್ತದೆ. ಹೊಕ್ಕಿದ್ದರೆ ಆ ಗೆರೆ ಒಂದೆಡೆ ಕಡಿದು, ಗಡ್ಡೆಯ ನಾಲಿಗೆ ರಕ್ತದಲ್ಲಿ ತೇಲುತ್ತಿರುತ್ತದೆ. ಕಲರ್ ಡಾಪ್ಲರ್ ಹಾಕಿದಾಗ ಬಣ್ಣ ಆ ನಾಲಿಗೆಯನ್ನು ಸುತ್ತಿ ಹರಿದರೆ, ಮತ್ತು ನಾಲಿಗೆಯ ಒಳಗೂ ಸಣ್ಣ ಸಣ್ಣ ಮಿಂಚು ಕಂಡರೆ, ಅದು ಬರಿಯ ಹೆಪ್ಪುಗಟ್ಟಿದ ರಕ್ತವಲ್ಲ, ಜೀವಂತ ಗಡ್ಡೆ. ಈ ಕೆಲಸದಲ್ಲಿ ಅಲ್ಟ್ರಾಸೌಂಡ್ ನೂರರಲ್ಲಿ ಸುಮಾರು 80 ಪ್ರಕರಣಗಳನ್ನು ಹಿಡಿಯುತ್ತದೆ. ಸಿಟಿ ಸ್ಕ್ಯಾನ್ ಇದಕ್ಕಿಂತ ಮೇಲು. ಶಸ್ತ್ರಚಿಕಿತ್ಸೆಯ ಆಲೋಚನೆಯಿದ್ದರೆ ಸಿಟಿ ಮಾಡಿಸದೆ ಮುಂದುವರಿಯಬಾರದೆಂಬುದು ನನ್ನ ಅಭಿಪ್ರಾಯ.

ಉಳಿದ ಹೊಟ್ಟೆಯನ್ನೂ ಇದೇ ಸಲ ನೋಡಿ ಮುಗಿಸಬೇಕು. ಯಕೃತ್ತಿನಲ್ಲಿ ಗಂಟುಗಳು, ಊದಿದ ದುಗ್ಧಗ್ರಂಥಿಗಳು, ಮೂತ್ರಪಿಂಡದ ಸುತ್ತ ರಕ್ತ ಸುರಿದ ಗುರುತು ಇವು ಮುಖ್ಯ. ಕುಶಿಂಗ್ ಇದ್ದರೆ ಯಕೃತ್ತು ಹಿಗ್ಗಿ ಬಿಳುಪಾಗಿಯೂ ಪಿತ್ತಕೋಶದಲ್ಲಿ ಗಸಿ ಕೂತೂ ಇರುತ್ತದೆ. ಎದೆಯ ಎಕ್ಸ್‌ರೇಯನ್ನು ಮೂರು ಭಂಗಿಗಳಲ್ಲಿ ತೆಗೆಸಬೇಕು.

ಒಂಬತ್ತನೆಯ ಹೆಜ್ಜೆ: ರಕ್ತ, ಮೂತ್ರ, ಸೂಜಿ

ಕುಶಿಂಗ್‌ನ ಲಕ್ಷಣಗಳಿದ್ದರೆ ಕಿಲೋ ತೂಕಕ್ಕೆ 0.01 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಕೊಟ್ಟು, ಕೊಡುವ ಮೊದಲು, ಕೊಟ್ಟ 4 ಗಂಟೆಯ ಬಳಿಕ, 8 ಗಂಟೆಯ ಬಳಿಕ ಕಾರ್ಟಿಸಾಲ್ ನೋಡುವ ಪರೀಕ್ಷೆಯೇ ಮೊದಲ ಆಯ್ಕೆ. ಅಡ್ರಿನಲ್ ಗಡ್ಡೆಯಲ್ಲಿ ಕಾರ್ಟಿಸಾಲ್ ಇಳಿಯುವುದಿಲ್ಲ. ಆದರೆ ಪಿಟ್ಯುಟರಿ ಮೂಲದ ಹಲವು ನಾಯಿಗಳಲ್ಲೂ ಅದು ಇಳಿಯದ ಕಾರಣ, ಎರಡನ್ನೂ ಬೇರ್ಪಡಿಸಲು ರಕ್ತದ ಎಸಿಟಿಎಚ್ ಮಟ್ಟ ಮತ್ತು ಸ್ಕ್ಯಾನ್ ಎರಡನ್ನೂ ಕೂಡಿಸಿ ಓದಬೇಕು. ಫಿಯೋಕ್ರೋಮೋಸೈಟೋಮಾದ ಶಂಕೆಗೆ ಒಳತಿರುಳಿನ ಹಾರ್ಮೋನು ಒಡೆದು ಮೂತ್ರದಲ್ಲಿ ಬರುವ ನಾರ್ಮೆಟಾನೆಫ್ರಿನ್‌ನ ಪರೀಕ್ಷೆಯಿದೆ. ಕ್ರಿಯಾಟಿನಿನ್‌ಗೆ ಹೋಲಿಸಿದ ಪ್ರಮಾಣ ಸಹಜದ ಮೇಲ್ಮಿತಿಗಿಂತ ನಾಲ್ಕು ಪಟ್ಟು ಮೀರಿದರೆ ಸಂದೇಹಕ್ಕೆ ಎಡೆಯಿಲ್ಲ. ಆಸ್ಪತ್ರೆಯ ಗಾಬರಿಯಲ್ಲಿ ಈ ಅಂಶ ಏರುವುದರಿಂದ ಮೂತ್ರವನ್ನು ಮನೆಯಲ್ಲೇ ಹಿಡಿಸಬೇಕು.

ಸೂಜಿ ಚುಚ್ಚಿ ಜೀವಕೋಶ ತೆಗೆಯುವುದರಿಂದ ಹೊರಪದರವೋ ಒಳತಿರುಳೋ ಎಂದು ಬಹುಪಾಲು ತಿಳಿಯುತ್ತದೆ, ಸೌಮ್ಯವೋ ಮಾರಕವೋ ಎಂದು ಅಷ್ಟಾಗಿ ತಿಳಿಯುವುದಿಲ್ಲ. ಚುಚ್ಚಿದ ಕೂಡಲೇ ರಕ್ತಸ್ರಾವವೋ ರಕ್ತದೊತ್ತಡದ ಭಾರೀ ಏರಿಕೆಯೋ ಆಗುವ ಅಪಾಯ ಇರುವುದರಿಂದ, ಮೂತ್ರದ ಪರೀಕ್ಷೆಯಿಂದ ಉತ್ತರ ಸಿಗುವಂತಿದ್ದರೆ ನಾನು ಸೂಜಿ ಎತ್ತುವುದಿಲ್ಲ. ಗಡ್ಡೆ ಫಿಯೋಕ್ರೋಮೋಸೈಟೋಮಾ ಎಂದು ಮೊದಲೇ ತಿಳಿದಿರುವುದರ ಬೆಲೆ ಎಷ್ಟೆಂಬುದಕ್ಕೆ 2008ರ ಒಂದು ವರದಿ ಸಾಕು: ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಫಿನಾಕ್ಸಿಬೆಂಜಮೀನ್ ಕೊಟ್ಟ ನಾಯಿಗಳಲ್ಲಿ ಸಾವು ನೂರಕ್ಕೆ 13, ಕೊಡದವುಗಳಲ್ಲಿ 48.

ಹತ್ತನೆಯ ಹೆಜ್ಜೆ: ವರದಿ ಮತ್ತು ಮರುಸ್ಕ್ಯಾನ್

"ಅಡ್ರಿನಲ್ ಗಡ್ಡೆ ಇದೆ" ಎಂಬ ಒಂದು ಸಾಲಿನ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಯಾವ ಪಕ್ಕ, ಯಾವ ಧ್ರುವ, ಮೂರು ದಿಕ್ಕಿನ ಅಳತೆ, ಎದುರು ಗ್ರಂಥಿಯ ದಪ್ಪ, ಸುಣ್ಣವಿದೆಯೇ, ಸಿರೆ ತೆರವಾಗಿದೆಯೇ ಎಂಬುದಿಷ್ಟೂ ಇರಬೇಕು. ಬಲ ಗ್ರಂಥಿ ಕಾಣದಿದ್ದರೆ "ಕಾಣಲಿಲ್ಲ" ಎಂದೇ ಬರೆಯಬೇಕು. "ಸಹಜ" ಎಂದು ಬರೆಯುವುದು ಸುಳ್ಳು.

ಎರಡು ಸೆಂ.ಮೀ.ಗಿಂತ ಚಿಕ್ಕದಾದ, ಹಾರ್ಮೋನು ಸುರಿಸದ, ಸಿರೆಗೆ ಹೊಗದ ಗಡ್ಡೆಯನ್ನು ಕಾದು ನೋಡಬಹುದು. ಮೊದಲ ಮರುಸ್ಕ್ಯಾನ್ ಒಂದು ತಿಂಗಳಿಗೆ, ಬದಲಾವಣೆಯಿಲ್ಲದಿದ್ದರೆ ಆಮೇಲೆ ಮೂರು ತಿಂಗಳಿಗೊಮ್ಮೆ, ಪ್ರತಿ ಭೇಟಿಯಲ್ಲೂ ರಕ್ತದೊತ್ತಡದ ಅಳತೆಯೊಂದಿಗೆ. ಮೊದಲ ದಿನ ಅಳತೆಗೆರೆಗಳಿರುವ ಚಿತ್ರವನ್ನೂ ಗೆರೆಗಳಿಲ್ಲದ ಅದೇ ಚಿತ್ರವನ್ನೂ ಉಳಿಸಿಟ್ಟು, ನಾಯಿ ಯಾವ ಮಗ್ಗುಲಾಗಿ ಮಲಗಿತ್ತು, ಪ್ರೋಬ್ ಯಾವ ಪಕ್ಕೆಸಂದಿನಲ್ಲಿತ್ತು ಎಂದು ಅದರ ಮೇಲೆಯೇ ಬರೆದಿಟ್ಟರೆ, ಮುಂದಿನ ಸಲ ಬೇರೆ ವೈದ್ಯರು ನೋಡಿದರೂ ಅದೇ ಸೀಳಿಗೆ ಬಂದು ಅದೇ ಜಾಗದಲ್ಲಿ ಅಳೆಯುತ್ತಾರೆ, ಒಂದೂವರೆ ಮಿ.ಮೀ. ಬೆಳವಣಿಗೆ ನಿಜವೋ ಕೈತಪ್ಪೋ ಎಂದು ತಕ್ಷಣ ಹೇಳಬಲ್ಲರು.